ತಾರಸಿಯ ಗ್ರೋ ಬ್ಯಾಗಿಗೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಮಣ್ಣು: ಏನೇನು ಬೆರೆಸಬೇಕು?

ಮೂರನೇ ಮಹಡಿ
ಎಲ್ಲರಿಗೂ ನಮಸ್ಕಾರ. ಮನೆ ಬೆಂಗಳೂರಿನ ವಿದ್ಯಾರಣ್ಯಪುರ ಕಡೆ. ತಾರಸಿಗೆ ದಿನವಿಡೀ ಬಿಸಿಲು. 12 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗ್ 15 ತಂದಿಟ್ಟಿದ್ದೇನೆ. ಟೊಮೆಟೊ, ಮೆಣಸಿನಕಾಯಿ, ಬದನೆ ಹಾಕುವ ಆಸೆ. ಒಂದೆರಡರಲ್ಲಿ ಸೊಪ್ಪು.

ಬ್ಯಾಗಿಗಿಂತ ಮಣ್ಣೇ ದುಬಾರಿ ಅಂತ ಈಗ ಗೊತ್ತಾಗುತ್ತಿದೆ. ನರ್ಸರಿಯಲ್ಲಿ ರೆಡಿ ಮಿಕ್ಸ್ 10 ಕೆಜಿ ಚೀಲಕ್ಕೆ 300 ರೂಪಾಯಿ ಹೇಳಿದರು. ಒಂದು ಬ್ಯಾಗಿಗೆ ಒಂದೂಕಾಲು ಚೀಲ ಹಿಡಿಯುತ್ತದಂತೆ. ಲೆಕ್ಕ ಹಾಕಿದರೆ ಐದೂವರೆ ಸಾವಿರ! ಅಷ್ಟು ದುಡ್ಡಿಗೆ ವರ್ಷವಿಡೀ ಮಾರ್ಕೆಟ್ಟಿನಲ್ಲೇ ಟೊಮೆಟೊ ಕೊಳ್ಳಬಹುದು ಅಂತ ಮನೆಯವರು ನಗುತ್ತಿದ್ದಾರೆ. ನನ್ನ ಬಜೆಟ್ 2,500. ಇದರಲ್ಲಿ ಆಗುತ್ತದಾ? ನೀವೆಲ್ಲ ಏನು ಬೆರೆಸುತ್ತೀರಿ, ಎಲ್ಲಿಂದ ತರುತ್ತೀರಿ?

ಜಯನಗರದ ಅಜ್ಜಿ
ಆಗುತ್ತೆ ಕಣಪ್ಪ, ದುಡ್ಡೂ ಉಳಿಯುತ್ತೆ. ಕೆಂಪು ಮಣ್ಣು ಒಂದು ಪಾಲು, ಕೋಕೋಪೀಟ್ (ಅದೇ, ತೆಂಗಿನ ನಾರಿನ ಪುಡಿ) ಒಂದು ಪಾಲು, ಗೊಬ್ಬರ ಒಂದು ಪಾಲು. ಮೇಲೆ ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ. ಅಷ್ಟೇ. ತಳಕ್ಕೆ ಹೆಂಚಿನ ಚೂರು ಹಾಕೋದು ಮರೆಯಬೇಡ.

ಲೆಕ್ಕದ ಬುಕ್ಕು
ಅಜ್ಜಿ ಹೇಳಿದ್ದಕ್ಕೆ ಲೆಕ್ಕ ಹಾಕಿದೆ. 12 ಇಂಚಿನ ಬ್ಯಾಗ್ ಕಂಠಪೂರ್ತಿ 22 ಲೀಟರ್. ಮೇಲೆ ಒಂದಿಂಚು ಬಿಡಲೇಬೇಕು, ಇಲ್ಲದಿದ್ದರೆ ನೀರು ಹಾಕಿದಾಗಲೆಲ್ಲ ಮಣ್ಣು ಹೊರಗೆ ಚೆಲ್ಲುತ್ತದೆ. ಹಾಗಾಗಿ 20 ಲೀಟರ್ ಅಂತಿಟ್ಟುಕೊಳ್ಳಿ. 15 ಬ್ಯಾಗಿಗೆ 300 ಲೀಟರ್, ಅಂದರೆ ಮಣ್ಣು, ಕೋಕೋಪೀಟ್, ಗೊಬ್ಬರ ತಲಾ 100 ಲೀಟರ್.

ಕೆಂಪು ಮಣ್ಣು 100 ಲೀಟರ್ ಅಂದರೆ ಹೆಚ್ಚುಕಡಿಮೆ ಮೂರು ಸಿಮೆಂಟ್ ಚೀಲ. ನಮ್ಮ ಕಡೆ ಚೀಲಕ್ಕೆ 100 ರೂಪಾಯಿ. ಕೋಕೋಪೀಟ್ 5 ಕೆಜಿ ಇಟ್ಟಿಗೆ ನೆನೆಸಿದರೆ 70 ಲೀಟರ್ ಆಗುತ್ತದೆ. ಎರಡು ತನ್ನಿ, ಸ್ವಲ್ಪ ಉಳಿಯಲಿ, 400 ರೂಪಾಯಿ. ಎರೆಹುಳು ಗೊಬ್ಬರ 60 ಕೆಜಿ. ಆನ್‌ಲೈನಿನಲ್ಲಿ ತರಿಸಿದರೆ ಕೆಜಿಗೆ 40-50 ಕೀಳುತ್ತಾರೆ. ಮಾಡುವವರ ಹತ್ತಿರ ಮೂಟೆ ಲೆಕ್ಕದಲ್ಲಿ ತಂದರೆ 12-15. ಅದು 900. ಬೇವಿನ ಹಿಂಡಿ 5 ಕೆಜಿ 200. ಒಟ್ಟು 1,800. ಆಟೋ ಖರ್ಚು ಬೇರೆ.

ಮೂರನೇ ಮಹಡಿ
ವಾವ್, ಥ್ಯಾಂಕ್ಸ್! ಅದೇ ಮೂರು ಸಾಮಾನು ಚೀಲದಲ್ಲಿ ತುಂಬಿ ಮೂರು ಪಟ್ಟು ಮಾರುತ್ತಾರಲ್ಲ.

ಕುಣಿಗಲ್ ರೈತ
ಈ ಕೋಕೋಪೀಟ್ ಹುಚ್ಚು ಯಾಕೆ ಅಂತ ನನಗಿನ್ನೂ ಅರ್ಥ ಆಗಿಲ್ಲ. ಅದರಲ್ಲಿ ಸತ್ವವೇ ಇಲ್ಲ. ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ ಅದು. ತಿಪಟೂರು ಕಡೆ ನಾರಿನ ಫ್ಯಾಕ್ಟರಿ ಪಕ್ಕ ಗುಡ್ಡೆಗುಡ್ಡೆ ಬಿದ್ದಿರುತ್ತಿತ್ತು, ಕೇಳುವವರಿರಲಿಲ್ಲ. ಈಗ ನೀವು ಪೇಟೆಯವರು ದುಡ್ಡು ಕೊಟ್ಟು ಕೊಳ್ಳುತ್ತೀರಿ. ಮಣ್ಣು, ಕೊಟ್ಟಿಗೆ ಗೊಬ್ಬರ, ಇಷ್ಟರಲ್ಲೇ ನಮ್ಮ ಹಿರಿಯರು ಬೆಳೆಯಲಿಲ್ವಾ?

ಸಿವಿಲ್ ಸೋಮು
ಅಣ್ಣ, ನಿಮ್ಮದು ಹೊಲ. ಇದು ತಾರಸಿ. ಸತ್ವಕ್ಕಲ್ಲ, ತೂಕಕ್ಕೆ ಕೋಕೋಪೀಟ್ ಬೇಕು.

ನೆನೆದ ಮಣ್ಣು ಲೀಟರಿಗೆ 1.7 ಕೆಜಿ ತೂಗುತ್ತದೆ. ಬರೀ ಮಣ್ಣು ತುಂಬಿದರೆ ಒಂದು ಬ್ಯಾಗ್ 35 ಕೆಜಿ ಸುಮಾರು. ಒತ್ತೊತ್ತಾಗಿ ಇಟ್ಟರೆ ಒಂದು ಚದರ ಮೀಟರಿಗೆ 9 ಬ್ಯಾಗ್ ಹಿಡಿಯುತ್ತದೆ, 300 ಕೆಜಿ ದಾಟುತ್ತದೆ. ಜನ ಓಡಾಡುವ ತಾರಸಿಗೆ ನಮ್ಮಲ್ಲಿ ವಿನ್ಯಾಸ ಮಾಡುವಾಗ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಕಟ್ಟಡದ ಭಾರದ ಭಾರತೀಯ ಮಾನದಂಡ ಐಎಸ್ 875, ಅದರ ಎರಡನೇ ಭಾಗ ತೆಗೆದು ನೋಡಿ. ಅಜ್ಜಿಯ ಮಿಶ್ರಣದಲ್ಲಿ ಒದ್ದೆ ಬ್ಯಾಗ್ 22-24 ಕೆಜಿಗೆ ಇಳಿಯುತ್ತದೆ. ಆದರೂ ಒಂದೇ ಕಡೆ ಗುಂಪು ಹಾಕಬೇಡಿ. ಪ್ಯಾರಾಪೆಟ್ ಪಕ್ಕ ಸಾಲಾಗಿ ಇಡಿ, ಸಾಮಾನ್ಯವಾಗಿ ಅದರ ಕೆಳಗೆ ಬೀಮ್ ಅಥವಾ ಗೋಡೆ ಇರುತ್ತದೆ. ಚದರ ಮೀಟರಿಗೆ ನಾಲ್ಕೈದು ಸಾಕು. ಹಳೇ ಮನೆಯಾದರೆ ಒಮ್ಮೆ ಯಾರಿಗಾದರೂ ತೋರಿಸಿ. ಮತ್ತೆ, ಬ್ಯಾಗ್ ನೆಲಕ್ಕೆ ಇಡಬೇಡಿ. ಎರಡು ಇಟ್ಟಿಗೆ ಮೇಲೆ ಕೂರಿಸಿದರೆ ತಳದಲ್ಲಿ ನೀರು ನಿಲ್ಲದೆ ಸೋರಿಕೆಯ ತಂಟೆ ಇರುವುದಿಲ್ಲ.

ಕುಣಿಗಲ್ ರೈತ
ತೂಕದ ಮಾತು ಸರಿ. ಒಪ್ಪಿದೆ. ಆದರೆ ಮಣ್ಣೇ ಬೇಡ, ಬರೀ ಕೋಕೋಪೀಟ್ ಗೊಬ್ಬರ ಸಾಕು ಅನ್ನುವವರೂ ಇದ್ದಾರಲ್ಲ, ಅದು ಅತಿಯಾಯಿತು.

ಬಿಎಸ್ಸಿ ಅಗ್ರಿ
ಅತಿ ಅಲ್ಲ ಸರ್, ಆಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರೇ ಅರ್ಕ ಫರ್ಮೆಂಟೆಡ್ ಕೋಕೋಪೀಟ್ ಅಂತ ಮಾಡಿದ್ದಾರೆ, ಮಣ್ಣಿಲ್ಲದೆ ಬೆಳೆಯಲಿಕ್ಕೆ. ಆದರೆ ಆ ದಾರಿ ಹಿಡಿದರೆ ಪೋಷಕಾಂಶ ನಾವೇ ಅಳೆದು ಕೊಡುತ್ತಿರಬೇಕು. ಹೊಸಬರಿಗೆ ಮಣ್ಣು ಇದ್ದರೆ ವಾಸಿ. ನೀರು ಒಂದು ದಿನ ತಪ್ಪಿದರೂ, ಗೊಬ್ಬರ ಹೆಚ್ಚುಕಡಿಮೆ ಆದರೂ ಮಣ್ಣು ಸುಧಾರಿಸಿಕೊಳ್ಳುತ್ತದೆ.

ಕೋಕೋಪೀಟ್ ತಂದ ಕೂಡಲೇ ಬೆರೆಸಬೇಡಿ. ಅಗ್ಗದ ಇಟ್ಟಿಗೆಗಳಲ್ಲಿ ಉಪ್ಪಿನಂಶ ಜಾಸ್ತಿ, ಮುಖ್ಯವಾಗಿ ಸೋಡಿಯಂ ಮತ್ತು ಪೊಟ್ಯಾಶಿಯಂ. ನೆನೆಸಿ, ಹಿಂಡಿ, ಮತ್ತೆ ನೆನೆಸಿ. ಮೊದಲ ನೀರು ಫಿಲ್ಟರ್ ಡಿಕಾಕ್ಷನ್ ಹಾಗೆ ಬರುತ್ತದೆ. ಬಣ್ಣ ತಿಳಿಯಾಗುವ ತನಕ ತೊಳೆಯಿರಿ. 'ಲೋ ಇಸಿ' (ಉಪ್ಪು ಕಡಿಮೆ) ಅಂತ ಬರೆದಿರುವ ಇಟ್ಟಿಗೆ ಸಿಕ್ಕರೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿಯಾದರೂ ಅದೇ ತನ್ನಿ.

ಅಜ್ಜಿ, ಕ್ಷಮಿಸಿ, ಆ ಹೆಂಚಿನ ಚೂರು ಬೇಡ.

ಜಯನಗರದ ಅಜ್ಜಿ
ಯಾಕಪ್ಪ? ನಮ್ಮ ಅತ್ತೆ ಕಾಲದಿಂದ ಹಾಕುತ್ತಿದ್ದೇವೆ. ನೀರು ಬಸಿದು ಹೋಗಬೇಡವೇ?

ಬಿಎಸ್ಸಿ ಅಗ್ರಿ
ಬಸಿಯುವುದಿಲ್ಲ ಅಜ್ಜಿ, ಅದೇ ವಿಚಿತ್ರ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದು ಇರುವ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ಇನ್ನು ಹಿಡಿಯಲಾರೆ ಅನ್ನುವ ತನಕ ಅಲ್ಲೇ ನಿಲ್ಲುತ್ತದೆ. ಅಂದರೆ ಕುಂಡದ ತಳದಲ್ಲಿ ಇರಬೇಕಾದ ಕೆಸರು ಎರಡು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ಬೇರಿಗೆ ಜಾಗವೂ ಕಡಿಮೆ. ತೂತಿನಿಂದ ಮಣ್ಣು ಹೋಗದ ಹಾಗೆ ಒಂದೇ ಒಂದು ಚೂರು ಅಥವಾ ಒಂದು ಹಿಡಿ ತೆಂಗಿನ ನಾರು ಇಟ್ಟರೆ ಸಾಕು. ನೀರು ಬಸಿಯಬೇಕಾದರೆ ಇಡೀ ಮಿಶ್ರಣವೇ ಸಡಿಲ ಇರಬೇಕು.

ಜಯನಗರದ ಅಜ್ಜಿ
ನೀನು ಓದಿದ್ದೀಯ, ಸರಿ. ನನ್ನ ದಾಸವಾಳ ಓದಿಲ್ಲ, ಚೆನ್ನಾಗೇ ಹೂ ಬಿಡುತ್ತಿದೆ.

ಫಿಲ್ಟರ್ ಕಾಪಿ
😂😂 ಅಜ್ಜಿ 1, ಬಿಎಸ್ಸಿ 0

ಧಾರವಾಡ ಪೇಡೆ
ನಮ್ಮ ಕಡೆ ಕೆಂಪು ಮಣ್ಣು ಎಲ್ಲಿ ಸಿಗಬೇಕ್ರೀ? ಇರುವುದೆಲ್ಲ ಎರೆ ಮಣ್ಣು. ಹೊಲದಾಗ ಬಂಗಾರ, ಕುಂಡ್ಯಾಗ ಹಾಕಿದರೆ ಕಲ್ಲು. ಒಣಗಿದರೆ ಬದಿ ಬಿಟ್ಟು ಬಿರುಕು ಬಿಡುತ್ತದೆ, ನೀರು ಹಾಕಿದರೆ ಬಿರುಕಿನಲ್ಲೇ ಸೋರಿ ಹೋಗುತ್ತದೆ, ಗಿಡಕ್ಕೆ ಒಂದು ಹನಿ ಸಿಗುವುದಿಲ್ಲ. ನಾನು ಎರೆ ಮಣ್ಣು ಕಾಲು ಪಾಲಿಗಿಂತ ಹೆಚ್ಚು ಹಾಕುವುದಿಲ್ಲ. ಉಳಿದದ್ದು ಗೊಬ್ಬರ, ದಪ್ಪ ಮರಳು, ಭತ್ತದ ಹೊಟ್ಟು. ಅಕ್ಕಿ ಗಿರಣಿಯವರು ಹೊಟ್ಟನ್ನು ಬಹಳ ಅಗ್ಗಕ್ಕೆ ಕೊಡುತ್ತಾರೆ, ಕೇಳಿ ನೋಡಿರಿ. ಸುಟ್ಟು ಕಪ್ಪಾದ ಹೊಟ್ಟು ಇನ್ನೂ ಛಲೋ.

ಕರಾವಳಿ ಹುಡುಗಿ
ನಮ್ಮ ಉಡುಪಿ ಕಡೆ ಕಥೆಯೇ ಬೇರೆ ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಕಾಶ ತೂತು. ಅಜ್ಜಿಯ ಮಿಶ್ರಣ ಇಲ್ಲಿ ಹಾಕಿದರೆ ಕೋಕೋಪೀಟ್ ನೀರು ಹಿಡಿದುಕೊಂಡು ಬೇರು ಕೊಳೆತೇ ಹೋಗುತ್ತದೆ. ನಾವು ಸುಡುಮಣ್ಣು ಹಾಕುವುದು. ತರಗೆಲೆ, ಕಸಕಡ್ಡಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ನಿಧಾನ ಸುಡಬೇಕು. ಮಣ್ಣು ಪುಡಿಪುಡಿ ಆಗುತ್ತದೆ, ಕಳೆಬೀಜ, ಹುಳದ ಮೊಟ್ಟೆ ಸಾಯುತ್ತದೆ, ಬೂದಿಯೂ ಸೇರುತ್ತದೆ. ಮಲ್ಲಿಗೆ ಗಿಡಕ್ಕೂ ಅದೇ, ಬಸಳೆ ಬುಡಕ್ಕೂ ಅದೇ. ಸುಡುಮಣ್ಣು, ಹಟ್ಟಿಗೊಬ್ಬರ, ಸ್ವಲ್ಪ ಮರಳು. ದುಡ್ಡು ಕೊಡುವ ಸಾಮಾನೇ ಇಲ್ಲ.

ಮೂರನೇ ಮಹಡಿ
ಸುಡುಮಣ್ಣು ಕೇಳಿದ್ದೇ ಮೊದಲು. ಬೆಂಗಳೂರಿನಲ್ಲಿ ಮಾಡಬಹುದಾ?

ಸಿವಿಲ್ ಸೋಮು
ಎಲೆ ಸುಟ್ಟರೆ ದಂಡ. ಪಕ್ಕದ ಮನೆಯವರು ಫೋಟೊ ತೆಗೆದು ಹಾಕುತ್ತಾರೆ. ಬೇಡ.

ಎಲೆ ಆಯುವವಳು
ಸುಡುವುದು ಯಾಕೆ, ಕೊಳೆಸಿ! ಬೆಂಗಳೂರಿನಲ್ಲಿ ಪುಕ್ಕಟೆ ಸಿಗುವ ಒಂದೇ ಒಳ್ಳೆಯ ಸಾಮಾನು ಒಣ ಎಲೆ. ಫೆಬ್ರವರಿ, ಮಾರ್ಚಿನಲ್ಲಿ ರಸ್ತೆ ತುಂಬ ಬಿದ್ದಿರುತ್ತದೆ. ಪೌರಕಾರ್ಮಿಕರು ಗುಡಿಸಿ ಚೀಲಕ್ಕೆ ತುಂಬಿಟ್ಟಿರುತ್ತಾರೆ. ಕೇಳಿದರೆ ಖುಷಿಯಿಂದ ಕೊಡುತ್ತಾರೆ, ಅವರಿಗೆ ಹೊರುವುದು ತಪ್ಪುತ್ತದೆ.

ಮಳೆಮರದ ಎಲೆ, ಹೊಂಗೆ ಎಲೆ ಬೇಗ ಕೊಳೆಯುತ್ತವೆ. ಮಾವು, ಹಲಸು ದಪ್ಪ, ನಿಧಾನ. ನೀಲಗಿರಿ ಎಲೆ ತರಬೇಡಿ. ಹಳೆ ಸೊಳ್ಳೆಪರದೆ ಅಥವಾ ಕೋಳಿ ಜಾಲರಿ ಸುತ್ತಿ ಒಂದು ಗುಡಾಣ ಮಾಡಿ, ಎಲೆ ತುಳಿದು ತುಂಬಿ, ನಡುನಡುವೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ. ಒದ್ದೆ ಇರಬೇಕು, ನೀರು ಸೋರಬಾರದು. ನಾಲ್ಕೈದು ತಿಂಗಳಿಗೆ ಕಪ್ಪು ಪುಡಿ. ಅದು ಬಂದಮೇಲೆ ನಾನು ಕೋಕೋಪೀಟ್ ಕೊಳ್ಳುವುದನ್ನೇ ಬಿಟ್ಟಿದ್ದೇನೆ. ಹಗುರ, ಸಡಿಲ, ನೀರೂ ಹಿಡಿಯುತ್ತದೆ. ಕುಣಿಗಲ್ ಅಣ್ಣನಿಗೂ ಒಪ್ಪಿಗೆ ಆಗಬಹುದು 🙂

ಕುಣಿಗಲ್ ರೈತ
ಇದು ಮಾತು! ಇನ್ನೊಂದು. ಊರಿನ ಕಡೆ ಯಾರಾದರೂ ಇದ್ದರೆ ಬೇಸಿಗೆಯಲ್ಲಿ ಕೆರೆ ಗೋಡು (ಹೂಳು) ತನ್ನಿ. ನಾವು ಹೊಲಕ್ಕೆ ಟ್ರ್ಯಾಕ್ಟರ್‌ಗಟ್ಟಲೆ ಹೊಡೆಸುತ್ತೇವೆ.

ಬಿಎಸ್ಸಿ ಅಗ್ರಿ
ಊರಿನ ಕೆರೆ ಆದರೆ ಸರಿ. ಬೆಂಗಳೂರಿನ ಕೆರೆ ಹೂಳು ಮಾತ್ರ ಮುಟ್ಟಬೇಡಿ. ಚರಂಡಿ ನೀರು, ಫ್ಯಾಕ್ಟರಿ ನೀರು ಸೇರಿದ ಕಡೆ ಸೀಸ, ಕ್ಯಾಡ್ಮಿಯಂನಂಥ ಲೋಹ ಹೂಳಿನಲ್ಲಿ ಕೂತಿರುತ್ತದೆ. ಸೊಪ್ಪು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಮತ್ತೆ ಹೂಳಿನಲ್ಲಿ ಜೇಡಿ ಜಾಸ್ತಿ, ಕುಂಡಕ್ಕೆ ಸ್ವಲ್ಪವೇ ಸಾಕು.

ಅರ್ಧ ಸೈಟು
ನಮ್ಮ ಬೀದಿಯಲ್ಲಿ ಬೇಸ್‌ಮೆಂಟ್ ಅಗೆಯುತ್ತಿದ್ದಾರೆ. ಕೆಂಪು ಮಣ್ಣು ಲೋಡ್‌ಗಟ್ಟಲೆ. 'ಬೇಕಾದಷ್ಟು ತಗೊಂಡು ಹೋಗಿ' ಅನ್ನುತ್ತಾರೆ. ಅದಕ್ಕೆ ಚೀಲಕ್ಕೆ 100 ಕೊಡುವುದು ಯಾಕೆ?

ಬಿಎಸ್ಸಿ ಅಗ್ರಿ
ಎಷ್ಟು ಆಳದ ಮಣ್ಣು ಅನ್ನುವುದು ಮುಖ್ಯ. ಮೇಲಿನ ಒಂದಡಿಯಲ್ಲಿ ಜೀವ ಇರುತ್ತದೆ. ಹತ್ತಡಿ ಕೆಳಗಿನದು ಬರೀ ಖನಿಜ, ಸಾವಯವ ಅಂಶ ಸೊನ್ನೆಗೆ ಹತ್ತಿರ. ಬಳಸಬಾರದು ಅಂತಲ್ಲ. ಗೊಬ್ಬರ ಬೆರೆಸಿ, ಒದ್ದೆ ಮಾಡಿ, ತಿಂಗಳೊಪ್ಪತ್ತು ಮುಚ್ಚಿಟ್ಟು ಆಮೇಲೆ ತುಂಬಿ. ಸಿಮೆಂಟು, ಸುಣ್ಣದ ಗಾರೆ ಚೂರು ಸೇರಿದ್ದರೆ ಬೇಡ. ಮಣ್ಣಿನ ಪಿಎಚ್, ಅಂದರೆ ಕ್ಷಾರದ ಗುಣ, ಏರುತ್ತದೆ, ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಎಲೆ ಹಳದಿ.

ಹಳದಿ ಎಲೆ
ಹಳದಿ ಅಂದಿರಲ್ಲ, ನನ್ನ ಮೆಣಸಿನ ಗಿಡದ್ದು ಅದೇ ಗೋಳು. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಮಣ್ಣು ಒಳ್ಳೆಯದೇ ಹಾಕಿದ್ದೇನೆ. ನೀರು ಬೋರ್‌ವೆಲ್.

ಬಿಎಸ್ಸಿ ಅಗ್ರಿ
ಕಬ್ಬಿಣದ ಕೊರತೆ ಇರಬೇಕು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಡಸು ನೀರಿನಿಂದ ಪಿಎಚ್ ಏರಿ ಗಿಡಕ್ಕೆ ಸಿಗುವುದಿಲ್ಲ. ಆದಷ್ಟು ಮಳೆನೀರು ಹಿಡಿದು ಹಾಕಿ. ಐಐಎಚ್‌ಆರ್‌ನ ಅರ್ಕ ವೆಜಿಟೇಬಲ್ ಸ್ಪೆಷಲ್ ಎಲೆಗೆ ಸಿಂಪಡಿಸಿ, ಲಘು ಪೋಷಕಾಂಶ ಎಲೆ ಮೂಲಕವೇ ಸಿಗುತ್ತದೆ. ಮನೆಯಲ್ಲಿ ಸಾಫ್ಟ್‌ನರ್ ಇದ್ದರೆ ಅದರ ನೀರು ಗಿಡಕ್ಕೆ ಹಾಕಲೇಬೇಡಿ. ಅದರಲ್ಲಿ ಸೋಡಿಯಂ. ಆರ್‌ಒ ಬಿಟ್ಟ ನೀರೂ ದಿನಾ ಬೇಡ.

ಲೆಕ್ಕದ ಬುಕ್ಕು
ಅಯ್ಯೋ, ಆರ್‌ಒ ನೀರು ವ್ಯರ್ಥ ಮಾಡಬಾರದು ಅಂತ ಎಲ್ಲರೂ ಗಿಡಕ್ಕೇ ಹಾಕುತ್ತಾರಲ್ಲ! ನೆಲ ಒರೆಸಲು ಇಟ್ಟುಕೊಳ್ಳಿ ಹಾಗಾದರೆ.

ನೈಟ್ ಶಿಫ್ಟ್
ಒಂದು ಡೌಟು. ಕುಂಡದ ಮಣ್ಣು ಅಂತ ಯೂಟ್ಯೂಬಿನಲ್ಲಿ ಹುಡುಕಿದರೆ ಅರ್ಧಕ್ಕರ್ಧ ಅಮೆರಿಕದ ಗಾಂಜಾ ಬೆಳೆಯುವವರ ವಿಡಿಯೊ. ಲಿವಿಂಗ್ ಸಾಯಿಲ್, ಬಟ್ಟೆ ಕುಂಡ, ಎರೆಹುಳು, ಸಮುದ್ರಪಾಚಿ ಎಲ್ಲಾ ಬಿಡಿಸಿ ಬಿಡಿಸಿ ಹೇಳುತ್ತಾರೆ. ಆ ರೆಸಿಪಿ ಟೊಮೆಟೊಗೆ ಆಗುತ್ತಾ? (ಟೊಮೆಟೊಗೇ ಕೇಳುತ್ತಿದ್ದೇನೆ, ನಿಜವಾಗಿ!)

ಫಿಲ್ಟರ್ ಕಾಪಿ
ಹೌದಪ್ಪ ಟೊಮೆಟೊಗೆ 😏

ನಿರ್ವಾಹಕ
ತಮಾಷೆ ಇಷ್ಟಕ್ಕೇ ಸಾಕು. ಭಾರತದಲ್ಲಿ ಅನುಮತಿ ಇಲ್ಲದೆ ಒಂದು ಗಾಂಜಾ ಗಿಡ ಬೆಳೆಸಿದರೂ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ. 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಇಲ್ಲಿ ಆ ಗಿಡದ ಸಲಹೆ ಕೇಳುವುದೂ ಬೇಡ, ಕೊಡುವುದೂ ಬೇಡ. ಮಣ್ಣಿನ ಬಗ್ಗೆ ಮಾತಾಡಿ.

ಸ್ಯಾಕ್ರಮೆಂಟೊ ಕನ್ನಡಿಗ
ಮಣ್ಣಿನ ಬಗ್ಗೆಯೇ ಹೇಳುತ್ತೇನೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 2016ರ ಮತದಾನದ ನಂತರ ದೊಡ್ಡವರು ಮನೆಗೆ 6 ಗಿಡ ಬೆಳೆಸಬಹುದು. ಹೊರಗಡೆ ಬೆಳೆಸಬಾರದು ಅಂತ ಕೆಲವು ಊರುಗಳ ನಿಯಮ. ಅದಕ್ಕೇ ಆ ವಿಡಿಯೊಗಳು ಅಷ್ಟೊಂದು. ಇಲ್ಲಿನ ಗಾರ್ಡನ್ ಅಂಗಡಿಗಳಲ್ಲೂ ಅವರಿಗಾಗಿಯೇ ತಯಾರಿಸಿದ ದುಬಾರಿ ಮಣ್ಣಿನ ಚೀಲದ ಸಾಲೇ ಇರುತ್ತದೆ. ನಾನು ಬೆಳೆಯುವುದು ಹಾಗಲಕಾಯಿ, ಬದನೆ, ಹೀರೇಕಾಯಿ.

ಅವರಿಂದ ಕಲಿಯಬೇಕಾದ್ದು ಎರಡು. ಒಂದು, ಬಟ್ಟೆ ಕುಂಡ. ಬೇರು ಬದಿಗೆ ಬಂದಾಗ ಗಾಳಿಗೆ ತುದಿ ಒಣಗಿ ಹಿಂದೆ ಕವಲೊಡೆಯುತ್ತದೆ, ಪ್ಲಾಸ್ಟಿಕ್ ಕುಂಡದ ಹಾಗೆ ಸುತ್ತಿಕೊಳ್ಳುವುದಿಲ್ಲ. ಆದರೆ ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ಎರಡು ಹೊತ್ತು ನೀರು. ಎರಡನೆಯದು, ಪ್ರತಿ ಬೆಳೆಗೆ ಹೊಸ ಮಣ್ಣು ಕೊಳ್ಳದೆ ಅದೇ ಮಣ್ಣಿಗೆ ಗೊಬ್ಬರ ಸೇರಿಸುತ್ತಾ ವರ್ಷಗಟ್ಟಲೆ ಬಳಸುವುದು. ಉಳಿದ ನೂರೆಂಟು ಪುಡಿಗಳು ಅಂಗಡಿಯವರಿಗೆ ಲಾಭ. ತಮಾಷೆ ಏನೆಂದರೆ, ನಾನು ಇಲ್ಲಿ ಕೊಂಡ ಕೋಕೋಪೀಟ್ ಇಟ್ಟಿಗೆ ಮೇಲೆ 'ಪ್ರಾಡಕ್ಟ್ ಆಫ್ ಇಂಡಿಯಾ' ಅಂತಿದೆ.

ಕುಣಿಗಲ್ ರೈತ
ನೋಡಿ, ನಮ್ಮ ಕಸ ಅಮೆರಿಕಕ್ಕೆ ಹೋಗಿ ಡಾಲರ್ ಆಯಿತು.

ತೊಗರಿ ಬೇಳೆ
ಹಳೆ ಮಣ್ಣಿನ ಮಾತು ಬಂತಲ್ಲ. ನನ್ನ ಹಳೆ ಬ್ಯಾಗಿನ ಟೊಮೆಟೊ ಕಿತ್ತು ನೋಡಿದರೆ ಬೇರು ತುಂಬ ಗಂಟು ಗಂಟು. ಆ ಮಣ್ಣು ಎಸೆಯಬೇಕಾ?

ಬಿಎಸ್ಸಿ ಅಗ್ರಿ
ಜಂತುಹುಳು, ಬೇರುಗಂಟು ರೋಗ. ಎಸೆಯಬೇಡಿ. ಬಿಸಿಲು ಜೋರಿರುವ ಮಾರ್ಚ್, ಏಪ್ರಿಲ್‌ನಲ್ಲಿ ಮಣ್ಣನ್ನು ತಾರಸಿ ಮೇಲೆ ಅರ್ಧ ಅಡಿ ದಪ್ಪ ಹರಡಿ, ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲಿಟ್ಟು ನಾಲ್ಕಾರು ವಾರ ಬಿಡಿ. ಕಪ್ಪು ಹಾಳೆಗಿಂತ ಪಾರದರ್ಶಕವೇ ಒಳ್ಳೆಯದು. ಆಮೇಲೆ ಬೇವಿನ ಹಿಂಡಿ, ಕಾಲು ಪಾಲು ಹೊಸ ಗೊಬ್ಬರ, ಸ್ವಲ್ಪ ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ. ಆ ಮಣ್ಣಿಗೆ ಕೂಡಲೇ ಟೊಮೆಟೊ, ಬದನೆ, ಮೆಣಸಿನಕಾಯಿ ಮೂರೂ ಬೇಡ, ಒಂದೇ ಕುಲ ಅವು. ಒಂದು ಸಲ ಚೆಂಡು ಹೂ ಹಾಕಿ.

ಜಯನಗರದ ಅಜ್ಜಿ
ಚೆಂಡು ಹೂ ನಾನೂ ಹಾಕುತ್ತೇನೆ. ದಸರಾಕ್ಕೆ ಹೂವೂ ಆಯಿತು. ನೋಡು, ಇದು ಓದದೆಯೂ ಗೊತ್ತಿತ್ತು.

ಬಿಎಸ್ಸಿ ಅಗ್ರಿ
🙏 ಅಜ್ಜಿ 2.

ಸೀನಿಯರ್ ಸಿಟಿಜನ್
ಗೊಬ್ಬರದ ಬಗ್ಗೆ ಒಂದು ಎಚ್ಚರಿಕೆ. ಕೊಟ್ಟಿಗೆ ಗೊಬ್ಬರ ಅಂತ ಹಸಿ ಸಗಣಿ ಒಣಗಿಸಿ ಕೊಡುವವರಿದ್ದಾರೆ. ಹಿಡಿಯಲ್ಲಿ ತೆಗೆದು ಮೂಸಿ. ಸಗಣಿ ವಾಸನೆ ಬಂದರೆ ಕಳಿತಿಲ್ಲ, ಮಳೆ ಬಿದ್ದ ನೆಲದ ವಾಸನೆ ಬಂದರೆ ಕಳಿತಿದೆ. ಜರಡಿ ಹಿಡಿಯುವಾಗ ಬಿಳಿ, ದಪ್ಪ, 'ಸಿ' ಆಕಾರದ ಗೊಣ್ಣೆಹುಳ ಕಂಡರೆ ಆಯ್ದು ಬಿಸಾಡಿ, ಬೇರು ತಿಂದು ಮುಗಿಸುತ್ತವೆ. ನಗರದ ಹಸಿಕಸದ ಕಾಂಪೋಸ್ಟ್ ಅಗ್ಗ, ಅದೂ ಆಗುತ್ತದೆ. ಆದರೆ ನಾನು ಒಂದು ಕಡೆ ತಂದ ಚೀಲದಲ್ಲಿ ಗಾಜಿನ ಚೂರು ಸಿಕ್ಕಿತ್ತು. ಕೈಗವಸು ಹಾಕಿ ಜರಡಿ ಹಿಡಿಯಿರಿ.

ಜೀವಾಮೃತ ಭಕ್ತ
ಇಷ್ಟೆಲ್ಲ ಯಾಕೆ? ಜೀವಾಮೃತ ಒಂದೇ ಸಾಕು! 200 ಲೀಟರ್ ನೀರಿಗೆ 10 ಕೆಜಿ ನಾಟಿ ಹಸು ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು.

ಲೆಕ್ಕದ ಬುಕ್ಕು
15 ಬ್ಯಾಗಿಗೆ 200 ಲೀಟರಾ ಸ್ವಾಮಿ? 10 ಲೀಟರಿಗೆ ಇಳಿಸಿದರೆ ಸಗಣಿ ಅರ್ಧ ಕೆಜಿ, ಗಂಜಲ ಅರ್ಧ ಲೀಟರ್, ಬೆಲ್ಲ, ಹಿಟ್ಟು ತಲಾ 100 ಗ್ರಾಂ.

ಸಿವಿಲ್ ಸೋಮು
ಅಪಾರ್ಟ್‌ಮೆಂಟಿನಲ್ಲಿ ಗಂಜಲ ಹಿಡಿದು ಲಿಫ್ಟ್ ಹತ್ತಿ ನೋಡಿ. ನಮ್ಮ ಅಸೋಸಿಯೇಷನ್ ಗುಂಪಿನಲ್ಲಿ ಇವತ್ತಿಗೂ ಅದೇ ಚರ್ಚೆ.

ತೊಗರಿ ಬೇಳೆ
ಟೊಮೆಟೊ ತಳ ಕಪ್ಪಾಗಿ ಕೊಳೆಯುವುದಕ್ಕೆ ಮೊಟ್ಟೆ ಸಿಪ್ಪೆ ಹಾಕಿದರೆ ಆಗುತ್ತಾ?

ಎಲೆ ಆಯುವವಳು
ಸಿಪ್ಪೆ ಕರಗುವುದು ತುಂಬ ನಿಧಾನ, ಈ ಬೆಳೆಗೆ ಸಿಗುವುದಿಲ್ಲ. ನೀರು ಒಂದು ದಿನ ಜಾಸ್ತಿ, ಎರಡು ದಿನ ಇಲ್ಲ, ಹೀಗಾದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಕಾಯಿಗೆ ತಲುಪುವುದಿಲ್ಲ. ದಿನಾ ಒಂದೇ ಹೊತ್ತಿಗೆ ನೀರು ಕೊಡಿ, ಬುಡಕ್ಕೆ ಒಣ ಎಲೆ ಮುಚ್ಚಿ. ಹೊಸದಾಗಿ ಹಾಕುವವರು ಬೀಜ ಐಐಎಚ್‌ಆರ್‌ನ ಅರ್ಕ ರಕ್ಷಕ್ ತನ್ನಿ. ಎಲೆ ಮುದುಡುವ ವೈರಸ್, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಡಬೇಡಿ.

ಮೂರನೇ ಮಹಡಿ
ಎಲ್ಲರಿಗೂ ಥ್ಯಾಂಕ್ಸ್. ನಿರ್ಧಾರ ಮಾಡಿದೆ: ಅಜ್ಜಿಯ ಒಂದಕ್ಕೊಂದು ಮಿಶ್ರಣ, ಹೆಂಚಿನ ಬದಲು ನಾರು, ಪ್ಯಾರಾಪೆಟ್ ಪಕ್ಕ ಸಾಲು. ಎಲೆ ಗುಡಾಣವೂ ಶುರು ಮಾಡುತ್ತೇನೆ. ಬೇಸ್‌ಮೆಂಟ್ ಮಣ್ಣಿನವರೇ, ನಿಮ್ಮ ಬೀದಿ ಎಲ್ಲಿ?

ಅರ್ಧ ಸೈಟು
ಜಾಲಹಳ್ಳಿ. ಮೇಲ್ಮಣ್ಣು ಬೇರೆ ಗುಡ್ಡೆ ಹಾಕಿದ್ದಾರೆ, ಮೇಸ್ತ್ರಿಗೆ ಹೇಳಿಟ್ಟಿರುತ್ತೇನೆ. ಚೀಲ ನೀವೇ ತನ್ನಿ.

ಸಿವಿಲ್ ಸೋಮು
ಚೀಲಕ್ಕೆ 45 ಕೆಜಿ ಆಗುತ್ತದೆ. ನಿಮ್ಮ ಮನೆಗೆ ಲಿಫ್ಟ್ ಇದೆಯಾ?

ಮೂರನೇ ಮಹಡಿ
ಇಲ್ಲ.

ಸಿವಿಲ್ ಸೋಮು
ಹಾಗಾದರೆ ಅರ್ಧರ್ಧ ಚೀಲ ತುಂಬಿಸಿ. ಹೊರಲು ಇಬ್ಬರು ಹುಡುಗರ ಕೂಲಿಯನ್ನೂ ಆ 1,800ಕ್ಕೆ ಸೇರಿಸಿ.

ಲೆಕ್ಕದ ಬುಕ್ಕು
ಸೇರಿಸಿದರೂ 2,500 ದಾಟುವುದಿಲ್ಲ, ಮಣ್ಣು ಪುಕ್ಕಟೆ ಆಯಿತಲ್ಲ.